ಗೂಟದ ಮೇಲಿನ ಕೋಟು

ಸೇಬಿನ ಪೀಪಾಯಿಗಳನ್ನು ಹೇರಿಕೊಂಡು ಕ್ಲೀವ್‌ಲ್ಯಾಂಡಿಗೆ ಹೋಗಿದ್ದ ನಮ್ಮ ಸಂಘದ ದೋಣಿ ಮರಳಿ ಬಂದ ದಿನ ಅಡಿಗೆಮನೆಯಲ್ಲಿ ಸಾಸೇಜು ತುಂಬುವ ಕೆಲಸ ನಡೆದಿತ್ತು. ನವೆಂಬರಿನ ಕೊನೆ. ಕಾಲುವೆ ಹೆಪ್ಪುಗಟ್ಟುವ ಮೊದಲು ಅದೇ ಕೊನೆಯ ಪ್ರಯಾಣ. ನನ್ನ ಹೆಂಡತಿ ರೊಸೀನಾ ಮೊಣಕೈವರೆಗೆ ಕೊಬ್ಬು ಮೆತ್ತಿಕೊಂಡು ನಿಂತಿದ್ದಳು. ಸೊಸೆ ಸಿಬಿಲ್ಲಾ ಪಕ್ಕದಲ್ಲಿ ದಾರ ಕಟ್ಟುತ್ತಿದ್ದಳು. ನಾನು ಬಾಗಿಲ ಬಳಿ ಕುಳಿತು ಒಂದು ಪೀಪಾಯಿಯ ಬಳೆ ಬಿಗಿಮಾಡುತ್ತಿದ್ದೆ. ದೋಣಿ ನಡೆಸುವ ಉಲ್ರಿಖ್ ಒಳಗೆ ಬಂದ. ಅವನ ಕೈಯಲ್ಲಿ ನನ್ನ ಮಗ ಮೆಲ್ಖಿಯೋರನ ಕೋಟು ಇತ್ತು.

"ಅವನೆಲ್ಲಿ?" ಎಂದಳು ರೊಸೀನಾ ತಲೆ ಎತ್ತದೆ. "ಬೂಟು ಒರೆಸಿಕೊಂಡು ಬರೋಕೆ ಹೇಳು. ಈಗ ತಾನೆ ನೆಲ ಉಜ್ಜಿದ್ದೀವಿ."

ಉಲ್ರಿಖ್ ಹೊಸ್ತಿಲಲ್ಲೇ ನಿಂತ. ಕೋಟನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ಬದಲಾಯಿಸಿದ.

"ದೋಣಿ ಎಳೆಯೋ ಹಗ್ಗ ತೂಬಿನ ಬಾಗಿಲಿಗೆ ಸಿಕ್ಕಿಕೊಳ್ತು, ಲಿಯೊನ್‌ಹಾರ್ಟಣ್ಣ," ಎಂದ ನನ್ನನ್ನು ನೋಡಿ. "ಇಳಿದು ಬಿಡಿಸ್ತೀನಿ ಅಂದ. ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟ. ಒದ್ದೆ ಆಗಬಾರದು, ಹಿಡ್ಕೊ ಅಂದ. ಹೆಚ್ಚಿನ ನೀರು ನದಿಗೆ ಧುಮುಕೋ ಜಾಗ ಅದು. ಎಳ್ಕೊಂಡು ಹೋಗಿಬಿಡ್ತು. ಎರಡೂ ದಡ ಹುಡುಕಿದ್ವಿ. ಸಿಗಲಿಲ್ಲ."

ರೊಸೀನಾ ಕೈಯಲ್ಲಿದ್ದ ಸಾಸೇಜನ್ನು ಪೂರ್ತಿ ತುಂಬಿ, ತುದಿ ಗಂಟು ಹಾಕಿ, ತಟ್ಟೆಯಲ್ಲಿಟ್ಟಳು. ಆಮೇಲೆ ಕೈ ತೊಳೆದುಕೊಂಡಳು. ಸಿಬಿಲ್ಲಾ ಎದ್ದು ಹೋಗಿ ಕೋಟನ್ನು ಉಲ್ರಿಖ್‌ನ ಕೈಯಿಂದ ತೆಗೆದುಕೊಂಡು ಹೊರಗೆ ನಡೆದಳು. ಮಣ್ಣು ಮಾಡಲು ದೇಹ ಇರಲಿಲ್ಲವಾದ್ದರಿಂದ ಮಾರನೆಯ ದಿನ ಪ್ರಾರ್ಥನಾ ಮಂದಿರದಲ್ಲಿ ಒಂದು ಕೀರ್ತನೆ ಹಾಡಿ ಎಲ್ಲರೂ ಕೆಲಸಕ್ಕೆ ಹೋದೆವು.

ನಮ್ಮ ಮೊರ್ಗೆನ್‌ಬಾಖ್‌ನಲ್ಲಿ 'ನನ್ನದು' ಎಂಬ ಮಾತಿಲ್ಲ. ಹೊಲ, ಗಿರಣಿ, ಹಸು, ಹಾಸಿಗೆ ಎಲ್ಲವೂ ಸಂಘದ್ದು. ನಾವು ಸಮುದ್ರ ದಾಟಿ ಈ ಒಹಾಯೊ ನಾಡಿಗೆ ಬಂದದ್ದೇ ಕರ್ತನ ಮೊದಲ ಶಿಷ್ಯರ ಹಾಗೆ ಎಲ್ಲವನ್ನೂ ಹಂಚಿಕೊಂಡು ಬಾಳಬೇಕೆಂದು. ಒಬ್ಬರು ತೀರಿಕೊಂಡರೆ, ಮುಂದಿನ ಭಾನುವಾರದ ಪ್ರಾರ್ಥನೆಯಾದ ಮೇಲೆ ಅವರ ಬಟ್ಟೆಬರೆಯನ್ನು ಮನೆಯವರು ಉಗ್ರಾಣಕ್ಕೆ ಒಪ್ಪಿಸಬೇಕು. ಯಾರಿಗೆ ಇಲ್ಲವೋ ಅವರಿಗೆ ಅದು ಹೋಗುತ್ತದೆ. ಸಂಘದ ಮೂವರು ಹಿರಿಯರಲ್ಲಿ ನಾನೊಬ್ಬ. ಎಷ್ಟೋ ಮನೆಗಳಿಂದ ವಿಧವೆಯರ ಕಣ್ಣೆದುರಿಗೆ ಬಟ್ಟೆಯ ಗಂಟು ಹೊತ್ತು ತಂದವನು ನಾನೇ.

ಆ ಭಾನುವಾರ ಸಿಬಿಲ್ಲಾ ಎರಡು ಅಂಗಿ, ಬೂಟು, ಚರ್ಮದ ಮುಂಗವಚ, ಎಲ್ಲವನ್ನೂ ಮಡಿಸಿಟ್ಟಿದ್ದಳು. ಕೋಟು ಮಾತ್ರ ಅವಳ ತೊಡೆಯ ಮೇಲಿತ್ತು. ಸಂಘದ ಎಲ್ಲ ಗಂಡಸರ ಕೋಟಿನಂತೆ ಅದೂ ನೀಲಿ. ಎಡ ಮೊಣಕೈ ಹರಿದಾಗ ನೀಲಿ ಬಟ್ಟೆ ಸಿಗದೆ ಅವಳು ಕಂದು ತೇಪೆ ಹಾಕಿದ್ದಳು. ದೂರದಿಂದ ಮೆಲ್ಖಿಯೋರನನ್ನು ಗುರುತಿಸುತ್ತಿದ್ದದ್ದು ಆ ತೇಪೆಯಿಂದಲೇ.

"ಒಂದು ಕೋಟು, ಮಾವ," ಎಂದಳು.

"ಗೊತ್ತಮ್ಮ."

"ಗೋರಿಯಿಲ್ಲ. ಗೋರಿ ಇದ್ದಿದ್ರೂ ಹೆಸರು ಬರೆಯೋಕೆ ನಮ್ಮಲ್ಲಿ ಕಲ್ಲಿಡೋದಿಲ್ಲ. ಇದನ್ನ ಇಟ್ಕೊಂಡ್ರೆ ಯಾರಿಗೆ ಏನು ಕಡಮೆ ಆಗುತ್ತೆ?"

"ಅಡಿಗೆಮನೆಯ ಅಪೊಲೋನಿಯಾ ತೀರಿಕೊಂಡ ಗಂಡನ ಟೋಪಿ ಕೇಳಿದಾಗ ನಾನು ಕೊಡಲಿಲ್ಲ. ಈಗ ನನ್ನ ಮನೆಗೊಂದು ನ್ಯಾಯ ಮಾಡಲಾ?"

"ಮಾಡಿ. ಒಂದ್ಸಲ ಮಾಡಿ."

ರೊಸೀನಾ ಒಲೆಯ ಬಳಿಯಿಂದ, "ಕೊಟ್ಟುಬಿಡೇ ತಾಯಿ. ದೇವರು ಮಗನನ್ನೇ ತಗೊಂಡ. ಕೋಟಿಗೆ ಹಟ ಮಾಡ್ತೀಯಾ?" ಎಂದಳು.

ಸಿಬಿಲ್ಲಾ ಕೋಟನ್ನು ನನ್ನ ಗಂಟಿನ ಮೇಲೆ ಎಸೆದಳು. ನಾನು ಹೊತ್ತುಕೊಂಡು ಹೋದೆ. ದಾರಿಯಲ್ಲಿ ಗಂಟು ಹಗುರವಾಗಿಯೇ ಇತ್ತು. ಮಗನ ಬಟ್ಟೆ ಇಷ್ಟೇ ಇತ್ತೇ ಎನ್ನಿಸಿತು.

ಕ್ರಿಸ್ಮಸ್ಸಿನ ಮುಂಚೆ ವೈಟ್ ಎಂಬ ಹೊಸಬ ಬಂದು ಸೇರಿದ. ನಮ್ಮ ಹಳೆಯ ನಾಡಿನವನೇ, ಒಂಟಿ, ಮೂವತ್ತು ದಾಟಿದವನು. ಹಡಗಿನಲ್ಲಿ ಅವನ ಪೆಟ್ಟಿಗೆ ಕಳುವಾಗಿತ್ತು. ಅಂಗಿಯ ಮೇಲೆ ಅಂಗಿ ಹಾಕಿಕೊಂಡು ನಡುಗುತ್ತ ಬಂದಿದ್ದ. ಅವನ ಅಳತೆಗೆ ಉಗ್ರಾಣದಲ್ಲಿ ಇದ್ದದ್ದು ಒಂದೇ ಕೋಟು. ಸೇಬಿನ ತೋಟದಲ್ಲಿ ಆಳು ಕಡಮೆಯಾಗಿದ್ದರಿಂದ ಅವನನ್ನು ತೋಟಕ್ಕೆ ಹಾಕಿದರು. ತೋಟದವರು ಉಣ್ಣುವುದು ನಮ್ಮ ಅಡಿಗೆಮನೆಯಲ್ಲಿ. ಅಲ್ಲಿ ಗಂಡಸರ ಮೇಜಿನಲ್ಲಿ ಖಾಲಿ ಇದ್ದ ಜಾಗ ಒಂದೇ. ಇದರಲ್ಲಿ ಯಾರ ತಪ್ಪೂ ಇಲ್ಲ. ನಮ್ಮಲ್ಲಿ ಎಲ್ಲವೂ ಹೀಗೆಯೇ ನಡೆಯುವುದು.

ವೈಟ್ ಮೊದಲ ಸಲ ಬಂದು ಕುಳಿತಾಗ ಬಡಿಸುತ್ತಿದ್ದ ಹೆಂಗಸರೆಲ್ಲ ಒಂದು ಗಳಿಗೆ ನಿಂತುಬಿಟ್ಟರು. ಕಂದು ತೇಪೆಯ ಮೊಣಕೈ ಮೇಜಿನ ಮೇಲಿತ್ತು. ಸಿಬಿಲ್ಲಾ ರೊಟ್ಟಿಯ ಬುಟ್ಟಿಯನ್ನು ಅವನ ಪಕ್ಕದವನ ಮುಂದಿಟ್ಟು ಅವನನ್ನು ದಾಟಿ ಹೋದಳು. ಅಂದಿನಿಂದ ಆ ಜಾಗಕ್ಕೆ ಬಡಿಸುವ ಕೆಲಸ ರೊಸೀನಾಳದಾಯಿತು.

"ನಿನ್ನ ಸೊಸೆ ಆ ಮನುಷ್ಯನಿಗೆ ಉಪ್ಪನ್ನೂ ಕೊಡೋದಿಲ್ಲ," ಎಂದಳು ಅಡಿಗೆಮನೆಯ ಯಜಮಾನಿ ಅಪೊಲೋನಿಯಾ ನನಗೆ. "ಪಾಪ, ಅವನು ಸಪ್ಪೆ ತಿಂದು ಸಪ್ಪೆ ಆಗಿದ್ದಾನೆ."

"ಸ್ವಲ್ಪ ದಿನ ಬಿಡಕ್ಕ."

"ಬಿಡ್ತೀನಿ. ನಾನು ಗಂಡನ ಟೋಪಿಯನ್ನ ಬೇರೆಯವನ ತಲೆ ಮೇಲೆ ಎಷ್ಟು ವರ್ಷ ನೋಡಿದೆ ಗೊತ್ತಾ? ಅದೂ ಆ ಬೋಳುತಲೆ ಬಾಲ್ತಸಾರನ ಮೇಲೆ. ನಗಲೋ ಅಳಲೋ ಗೊತ್ತಾಗ್ತಿರಲಿಲ್ಲ."

ಜನವರಿಯಲ್ಲಿ ಹಿಮ ಕಿಟಕಿಯವರೆಗೆ ಬಂತು. ನಾನು ಪೀಪಾಯಿ ಮಾಡುತ್ತಿದ್ದೆ. ಸಿಬಿಲ್ಲಾ ನೂಲುವ ಮನೆಗೆ ಹೋಗುತ್ತಿದ್ದಳು. ಎಂಟು ವರ್ಷದ ಮೊಮ್ಮಗಳು ಒಟೀಲಿಯೆ ಶಾಲೆಗೆ ಹೋಗಿ ಬಂದು ಒಣಗಿದ ಸೇಬಿನ ಹೋಳುಗಳನ್ನು ಆರಿಸುತ್ತಿದ್ದಳು. ಮನೆಯಲ್ಲಿ ನಾಲ್ಕು ಜನರಿದ್ದರೂ ಮಾತು ಕಡಮೆ. ರೊಸೀನಾ ಮಾತ್ರ ದಿನದಿನಕ್ಕೆ ಗೆಲುವಾಗುತ್ತಿದ್ದಳು. ಅಡಿಗೆಮನೆಗೆ ಹೊರಡುವಾಗ ಗುನುಗಿಕೊಳ್ಳುತ್ತಿದ್ದಳು. ಅವಳ ಕಣ್ಣಲ್ಲಿ ಒಂದು ಹನಿ ನೀರನ್ನು ನಾನು ಇನ್ನೂ ಕಂಡಿರಲಿಲ್ಲ. ವಿಶ್ವಾಸದ ಬಲ ಎಂದುಕೊಂಡು ದೇವರಿಗೆ ಸ್ತೋತ್ರ ಹೇಳಿದೆ.

ಒಂದು ಸಂಜೆ ಒಟೀಲಿಯೆ ಅಡಿಗೆಮನೆಯ ನೆಲಮಾಳಿಗೆಯಿಂದ ಓಡಿ ಬಂದಳು.

"ಅಜ್ಜ, ವೈಟ್ ಮಾಮ ಕೆಳಗೆ ಕೂತು ಹಸಿ ಈರುಳ್ಳಿ ಕಚ್ಚಿ ತಿಂತಿದ್ದಾರೆ. ಸೇಬು ತಿಂದ ಹಾಗೆ!"

"ಹಸಿವಾಗಿರಬೇಕು," ಎಂದೆ.

"ಯಾಕೆ ಅಂತ ಕೇಳಿದೆ. ಮೇಲೆ ತಮಗೆ ಈರುಳ್ಳಿ ಸಿಗೋದಿಲ್ಲ ಅಂದರು. ಎಲ್ಲರ ಸೂಪಲ್ಲೂ ಇರುತ್ತೆ, ತಮ್ಮದರಲ್ಲಿ ಇರೋದಿಲ್ಲವಂತೆ. ಇಲ್ಲಿ ಹೊಸಬರಿಗೆ ಒಂದು ವರ್ಷ ಈರುಳ್ಳಿ ಕೊಡಬಾರದು ಅಂತ ಕಟ್ಟಳೆ ಇದೆಯಾ ಅಂತ ನನ್ನನ್ನೇ ಕೇಳಿದರು."

ಸಿಬಿಲ್ಲಾ ಕೈಯಲ್ಲಿದ್ದ ಕಾಲುಚೀಲ ಕೆಳಗಿಟ್ಟಳು. ಈರುಳ್ಳಿ ತಿಂದರೆ ಹೊಟ್ಟೆ ನೋಯುತ್ತಿದ್ದದ್ದು ಮೆಲ್ಖಿಯೋರನಿಗೆ. ಚಿಕ್ಕಂದಿನಿಂದಲೂ ಅವನ ಬಟ್ಟಲಿಗೆ ಹಾಕುವಾಗ ರೊಸೀನಾ ಸೌಟಿನ ಬೆನ್ನಿನಿಂದ ಈರುಳ್ಳಿಯನ್ನು ಅತ್ತ ಸರಿಸಿ ಮೇಲಿನ ತಿಳಿ ಬಡಿಸುತ್ತಿದ್ದಳು.

"ಅತ್ತೆ," ಎಂದಳು ಸಿಬಿಲ್ಲಾ, "ಅವನಿಗೆ ಈರುಳ್ಳಿ ತೆಗೆದು ಬಡಿಸ್ತಿದ್ದೀರಾ?"

"ಯಾರಿಗೆ?"

"ಆ ವೈಟ್‌ಗೆ."

ರೊಸೀನಾ ಮೊದಲು ಬೆರಗಾದಳು. ಆಮೇಲೆ ಅವಳ ಮುಖ ಕೆಂಪಾಯಿತು. "ಕೈ ತಾನಾಗಿ ಮಾಡುತ್ತಮ್ಮ. ಹಿಂದಿನಿಂದ ಬಡಿಸ್ತೀನಲ್ಲ. ತೇಪೆ ಕಾಣುತ್ತೆ, ಕೈ ಸರಿಸುತ್ತೆ. ಮೊನ್ನೆ ಬೂಟು ಒರೆಸ್ಕೊಳೋ ಅಂತ ಬೈದೂ ಬಿಟ್ಟೆ."

"ಅವನೇನಂದ?"

"ಆಯ್ತಮ್ಮ ಅಂದ. ಹೋಗಿ ಒರೆಸ್ಕೊಂಡ."

ಸಿಬಿಲ್ಲಾ ಎದ್ದು ನಿಂತಳು. "ಸರಿ ಹಾಗಾದ್ರೆ. ಅತ್ತೆಗೆ ಮಗ ಸಿಕ್ಕಿದ. ತೋಟಕ್ಕೆ ಆಳು ಸಿಕ್ಕಿದ. ಮೇಜಿನ ಜಾಗ ತುಂಬಿತು. ಎಲ್ಲರಿಗೂ ಅವನು ವಾಪಸ್ ಬಂದ, ನನಗೊಬ್ಬಳಿಗೆ ಬರಲಿಲ್ಲ."

"ಹಾಗನ್ನಬೇಡ," ಎಂದೆ.

"ಅಂತೀನಿ ಮಾವ. ಇಲ್ಲಿ ಯಾರೂ ಸಾಯೋದೇ ಇಲ್ಲ. ಒಬ್ಬ ಹೋದ್ರೆ ಅವನ ಕೋಟು ತೊಟ್ಟು ಇನ್ನೊಬ್ಬ ಬಂದು ಕೂರ್ತಾನೆ, ಸೂಪು ಕುಡೀತಾನೆ. ಮುಗೀತು. ನಾನು ಯಾರಿಗೆ ಅಳಲಿ? ಕಾಲುವೆ ತೆರೆದ ಮೇಲೆ ಕ್ಲೀವ್‌ಲ್ಯಾಂಡಿಗೆ ಹೋಗ್ತೀನಿ. ನನ್ನಣ್ಣನ ಬೇಕರಿ ಇದೆ. ಅಲ್ಲಿ ಬೀದಿಗೊಂದು ಗೋರಿಕಲ್ಲು ಮಾಡೋ ಅಂಗಡಿ ಇದೆಯಂತೆ. ಕೆಳಗೆ ಅವನಿಲ್ಲದಿದ್ರೂ ಸರಿ, ಒಂದು ಕಲ್ಲು ನೆಡ್ತೀನಿ."

"ಮಗು?" ಎಂದಳು ರೊಸೀನಾ.

"ನನ್ನ ಜೊತೆ."

ಒಟೀಲಿಯೆ ಬಾಗಿಲ ಬಳಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. "ಅಲ್ಲಿಗೆ ನನ್ನ ಕೋಳಿಮರಿ ತಗೊಂಡು ಹೋಗಬಹುದಾ?" ಎಂದಳು. "ಅದು ನಿನ್ನದಲ್ಲ, ಸಂಘದ್ದು," ಎಂದಳು ಅವಳ ತಾಯಿ. ಆ ಮಾತು ನನಗೆ ಚುಚ್ಚಿತು. ಅದನ್ನು ಮಗುವಿಗೆ ಕಲಿಸಿದವನು ನಾನು.

ಊರಲ್ಲಿ ಮಾತು ಎಷ್ಟು ಹೊತ್ತು ಗುಟ್ಟಾಗಿ ನಿಲ್ಲುತ್ತದೆ? ಮಾರನೆಯ ದಿನ ಮಧ್ಯಾಹ್ನ ಊಟಕ್ಕೆ ಬಂದ ವೈಟ್ ಬಾಗಿಲ ಪಕ್ಕದ ಗೂಟಕ್ಕೆ ಕೋಟನ್ನು ನೇತುಹಾಕಿದ. ಉಂಡು ಎದ್ದವನು ಅದನ್ನು ಮುಟ್ಟದೆ ಅಂಗಿಯಲ್ಲೇ ಹಿಮಕ್ಕೆ ಇಳಿದ. ನಾನು ಅವನ ಹಿಂದೆ ಹೋದೆ.

"ತೊಟ್ಟುಕೊಳ್ಳಪ್ಪ. ಸಂಘ ಕೊಟ್ಟದ್ದು."

"ಬೇಡಣ್ಣ. ನನಗೆ ಯಾರೂ ಹೇಳಿರಲಿಲ್ಲ. ಈ ಊರಿನ ಅಮ್ಮಂದಿರೆಲ್ಲ ಎಷ್ಟು ಒಳ್ಳೆಯವರು ಅಂದುಕೊಂಡಿದ್ದೆ. ನನಗೆ ಅಮ್ಮನ ನೆನಪೇ ಇಲ್ಲ. ಬೂಟು ಒರೆಸ್ಕೊ ಅಂತ ಬೈದಾಗ..." ಅವನು ನಕ್ಕ. "ಅದು ನನಗೆ ಬೈದದ್ದಲ್ಲ ಅಂತ ಈಗ ಗೊತ್ತಾಯ್ತು."

ಅವನು ಲಾಯದಿಂದ ಒಂದು ಕುದುರೆ ಕಂಬಳಿ ತಂದು ಹೊದ್ದುಕೊಂಡ. ಅಪೊಲೋನಿಯಾ ದಿನವೂ, "ಕುದುರೆ ಊಟಕ್ಕೆ ಬಂತು, ಓಟ್ಸ್ ಬಡಿಸ್ರೇ," ಎನ್ನುತ್ತಿದ್ದಳು. ಅವನೂ ಹೇಂಕರಿಸಿ ತೋರಿಸುತ್ತಿದ್ದ. ಕೋಟು ಗೂಟದಲ್ಲೇ ಉಳಿಯಿತು.

ಹಿರಿಯರ ಸಭೆಯಲ್ಲಿ, ನಮ್ಮ ಮೂವರಲ್ಲೊಬ್ಬನಾದ ಬಾಲ್ತಸಾರ್ ಕೇಳಿದ: "ಅದನ್ನ ಇನ್ನೊಬ್ಬನಿಗೆ ಕೊಡೋಣವೇ?" ಯಾರಿಗೆ ಕೊಟ್ಟರೂ ಯಾರೂ ತೊಡಲಿಲ್ಲ. ಒಬ್ಬನಿಗೆ ತೋಳು ಉದ್ದ, ಒಬ್ಬನಿಗೆ ಕತ್ತು ಬಿಗಿ. ಎಲ್ಲರೂ ನನ್ನ ಮುಖ ನೋಡಿ ಸುಳ್ಳು ಹೇಳಿದರು.

ಕೊನೆಗೆ ನಾನೇ ಸಿಬಿಲ್ಲಾಳಿಗೆ ಹೇಳಿದೆ: "ಅಲ್ಲಿ ಸುಮ್ಮನೆ ನೇತಾಡ್ತಿದೆ. ಮನೆಗೆ ತಗೊಂಡು ಬಾರಮ್ಮ. ನಾನು ನೋಡದ ಹಾಗೆ ಇರ್ತೀನಿ."

"ಕೇಳಿದಾಗ ಕೊಡಲಿಲ್ಲ ನೀವು. ಈಗ ಯಾರಿಗೂ ಬೇಡವಾದ ಮೇಲೆ ತಗೊ ಅಂತೀರಾ? ಬೇಡ ಮಾವ. ಬಚ್ಚಿಟ್ಟುಕೊಳ್ಳೋಕೆ ನನ್ನ ಗಂಡನೇನು ಕದ್ದ ಮಾಲಾ?"

ಕಟ್ಟಳೆಯನ್ನು ಕಾದವನೆಂಬ ಹೆಸರೂ ಉಳಿಯಲಿಲ್ಲ, ಸೊಸೆಯ ಮನಸ್ಸೂ ಸಿಗಲಿಲ್ಲ. ರೊಸೀನಾ ಈಗ ಬಡಿಸುವಾಗ ಗೂಟದ ಕಡೆ ನೋಡದೆ ನಡೆಯುತ್ತಿದ್ದಳು. ಆದರೂ ವೈಟ್‌ನ ಬಟ್ಟಲಿಗೆ ಸೌಟು ಬಂದಾಗ ಅವಳ ಕೈ ಹಾಗೇ ಸರಿಸುತ್ತಿತ್ತು. ಅವನು ತಿಳಿಯನ್ನೇ ಕುಡಿಯುತ್ತಿದ್ದ.

ಮಾರ್ಚಿನಲ್ಲಿ ಕಾಲುವೆ ಕರಗಿತು. ಈಸ್ಟರ್ ಕಳೆಯಲಿ ಎಂದು ಸಿಬಿಲ್ಲಾಳನ್ನು ಬೇಡಿಕೊಂಡೆವು. ಕಳೆಯಿತು. ಒಟೀಲಿಯೆಗೆ ಜ್ವರ ಬಂತು. ಅದೂ ಇಳಿಯಿತು. ಮೇ ತಿಂಗಳ ಮೊದಲ ಸೋಮವಾರದ ದೋಣಿಯಲ್ಲಿ ಹೊರಡುವುದೆಂದು ಸಿಬಿಲ್ಲಾ ಗಂಟು ಕಟ್ಟಿ ಮಂಚದ ಕೆಳಗಿಟ್ಟಳು. ಎರಡು ಲಂಗ, ಮಗುವಿನ ಬಟ್ಟೆ, ಕೀರ್ತನೆಯ ಪುಸ್ತಕ. ಸಂಘ ಅಷ್ಟನ್ನು ತಡೆಯುವುದಿಲ್ಲ.

ಆ ವರ್ಷ ಸೇಬಿನ ಮರಗಳು ಎಂದೂ ಬಿಡದಷ್ಟು ಹೂ ಬಿಟ್ಟವು. ಗುಡ್ಡದ ಕೆಳಗಿನ ಸಾಲುಗಳನ್ನು ಮೆಲ್ಖಿಯೋರ್ ಮದುವೆಯಾದ ವರ್ಷ ಕಸಿ ಕಟ್ಟಿದ್ದ. ಅವು ತುಂಬು ಹೂವಿಗೆ ಬಂದದ್ದು ಇದೇ ಮೊದಲು.

ಶನಿವಾರ ಬೆಳಕು ಹರಿಯುವ ಮುನ್ನ ತೋಟದ ಗಂಟೆ ಬಡಿಯಿತು. ಇಬ್ಬನಿ ಹೆಪ್ಪುಗಟ್ಟುತ್ತಿತ್ತು. ಸಾಲುಸಾಲಿಗೆ ಒದ್ದೆ ಹುಲ್ಲಿನ ಬೆಂಕಿ ಹಾಕಿ, ಹೊಗೆಯನ್ನು ಹೂವಿನ ಮೇಲೆ ಹೊದಿಸದಿದ್ದರೆ ವರ್ಷದ ಬೆಳೆ ಹೋಗುತ್ತದೆ. ಎಲ್ಲರೂ ಓಡಿದೆವು. ಅಡಿಗೆಮನೆಯ ಒಲೆಯಿಂದ ಕೆಂಡ ಒಯ್ಯಬೇಕಿತ್ತು. ಕೆಂಡದ ಬಾಣಲಿ ತೆಗೆದುಕೊಳ್ಳಲು ಕೊನೆಗೆ ಬಂದವಳು ಸಿಬಿಲ್ಲಾ, ರಾತ್ರಿಯ ಅಂಗಿಯ ಮೇಲೆ ಬರೀ ಒಂದು ಶಾಲು ಹೊದ್ದು. ಶಾಲನ್ನು ಬಾಣಲಿಯ ಬಿಸಿ ಹಿಡಿಕೆಗೆ ಸುತ್ತಬೇಕಾಯಿತು. ಬಾಗಿಲಲ್ಲಿ ಗಾಳಿ ಮುಖಕ್ಕೆ ಬಡಿಯಿತು. ಕೈಗೆ ಸಿಕ್ಕಿದ್ದನ್ನು ಗೂಟದಿಂದ ಎಳೆದು ತೊಟ್ಟುಕೊಂಡು ಓಡಿದಳು. ಇದನ್ನು ನಾನು ಕಣ್ಣಾರೆ ಕಂಡೆ. ಅದು ಯಾವ ಕೋಟೆಂದು ಆ ಗಳಿಗೆಯಲ್ಲಿ ಅವಳು ನೋಡಿರಲಾರಳು.

ಕೆಳಗಿನ ಸಾಲಿನಲ್ಲಿ ವೈಟ್ ಕಂಬಳಿ ಹೊದ್ದು ಹುಲ್ಲಿನ ಜೊತೆ ಗುದ್ದಾಡುತ್ತಿದ್ದ. ಹೊಗೆಯೆಲ್ಲ ಹೊಲದ ಕಡೆ ಹೋಗುತ್ತಿತ್ತು.

"ಆ ಕಡೆ ಅಲ್ಲ ಕಣಯ್ಯ!" ಎಂದು ಸಿಬಿಲ್ಲಾ ಕೂಗಿದಳು. ಅವಳು ಅವನೊಡನೆ ಆಡಿದ ಮೊದಲ ಮಾತು ಅದು. "ಗಾಳಿ ಹಳ್ಳದಿಂದ ಬರುತ್ತೆ. ಹಳ್ಳದ ಬದಿಗೆ ರಾಶಿ ಹಾಕು. ಉರಿ ಬೇಡ, ಹೊಗೆ ಬೇಕು. ಇನ್ನೂ ನೀರು ಚಿಮುಕಿಸು."

"ನನಗೆ ಯಾರೂ ಹೇಳಿಕೊಟ್ಟಿಲ್ಲಕ್ಕ."

"ಈಗ ಹೇಳ್ತಿದ್ದೀನಲ್ಲ. ಕೆಮ್ಮಬೇಡ, ಕೆಲಸ ಮಾಡು."

ಇಬ್ಬರೂ ಮರದಿಂದ ಮರಕ್ಕೆ ಹುಲ್ಲು ಎಳೆದರು. ರೊಸೀನಾ ಮತ್ತು ಮಗು ನೀರು ಹೊತ್ತರು. ಸೂರ್ಯ ಬರುವ ಹೊತ್ತಿಗೆ ಹೊಗೆ ಕೊಂಬೆಗಳ ನಡುವೆ ಬಿಳಿಯಾಗಿ ನಿಂತಿತ್ತು. ಒಂದು ಹೂವನ್ನು ಕಿತ್ತು ಸೀಳಿ ನೋಡಿದೆ. ಒಳಗೆ ಹಸುರಾಗಿತ್ತು, ಕಪ್ಪಾಗಿರಲಿಲ್ಲ.

ಎಲ್ಲರೂ ಮಸಿ ಮುಖದಲ್ಲಿ ಅಡಿಗೆಮನೆಗೆ ಬಂದೆವು. ಅಪೊಲೋನಿಯಾ ಅವರೆಕಾಳಿನ ದೊಡ್ಡ ಸೂಪಿನ ಹಂಡೆ ಇಳಿಸಿದ್ದಳು. ಸಿಬಿಲ್ಲಾ ಬಾಗಿಲಲ್ಲಿ ನಿಂತಳು. ತಾನು ಏನು ತೊಟ್ಟಿದ್ದೇನೆಂದು ಅವಳಿಗೆ ಎಷ್ಟು ಹೊತ್ತಿಗೆ ತಿಳಿದಿತ್ತೋ ನಾನರಿಯೆ. ತೋಳನ್ನು ಮೂಗಿಗೆ ಹಿಡಿದು ಮೂಸಿದಳು. ಹೊಗೆ, ಒದ್ದೆ ಹುಲ್ಲು, ಕುದುರೆ, ಯಾರ್ಯಾರದೋ ಬೆವರು. ಇನ್ನೊಂದು ಸಲ ಮೂಸಿದಳು. ಆಮೇಲೆ ಕೋಟನ್ನು ಬಿಚ್ಚಿ, ಕೊಡವಿ, ಗೂಟಕ್ಕೆ ಹಾಕಿದಳು.

ವೈಟ್‌ನ ಕಂಬಳಿ ನೀರಲ್ಲಿ ನೆನೆದು ಹೋಗಿತ್ತು. ಅವನ ಹಲ್ಲು ಕಟಕಟ ಎನ್ನುತ್ತಿತ್ತು.

"ಗೂಟದಲ್ಲಿ ಕೋಟಿದೆ," ಎಂದಳು ಸಿಬಿಲ್ಲಾ. "ಹಾಕ್ಕೊ."

"ಬೇಡಕ್ಕ."

"ಬೆಚ್ಚಗಿದೆ. ನಾನು ಈಗ ತಾನೆ ಬಿಚ್ಚಿದ್ದು. ಹಾಕ್ಕೊ ಅಂದೆ."

ಅವನು ತೊಟ್ಟು ತನ್ನ ಜಾಗದಲ್ಲಿ ಕುಳಿತ. ರೊಸೀನಾ ಸೌಟು ಹಿಡಿದು ಅವನ ಹಿಂದೆ ಬಂದಳು. ತೇಪೆ ಕಂಡಿತು, ಕೈ ಸರಿಸತೊಡಗಿತು. ಸಿಬಿಲ್ಲಾ ಆ ಕೈಯಿಂದ ಸೌಟನ್ನು ಮೆಲ್ಲನೆ ತೆಗೆದುಕೊಂಡಳು. ಹಂಡೆಯ ತಳದಿಂದ ಈರುಳ್ಳಿ ಗೋರಿ ಅವನ ಬಟ್ಟಲಿಗೆ ಹಾಕಿದಳು. ಇನ್ನೊಂದು ಸಲ ಗೋರಿ ಮತ್ತೆ ಹಾಕಿದಳು.

"ಅಯ್ಯೋ, ಅವನಿಗೆ ಹೊಟ್ಟೆ..." ಎಂದಳು ರೊಸೀನಾ.

"ಇವನು ವೈಟ್, ಅತ್ತೆ. ಇವನು ಈರುಳ್ಳಿ ತಿಂತಾನೆ."

ರೊಸೀನಾ ಅವಳ ಮುಖ ನೋಡಿದಳು. ಆಮೇಲೆ ಕುಳಿತಿದ್ದ ಮನುಷ್ಯನ ಮುಖವನ್ನು, ಮೊದಲ ಸಲ ಎಂಬಂತೆ, ಎದುರಿನಿಂದ ನೋಡಿದಳು. ನೆಲದ ಮೇಲೆ ಕುಸಿದು ಕುಳಿತಳು. ನವೆಂಬರಿನಿಂದ ಬಾರದ ಅಳು ಬಂತು. ಸಿಬಿಲ್ಲಾ ಪಕ್ಕದಲ್ಲಿ ಕುಳಿತು ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ಅವಳೂ ಅತ್ತಳು. ಗಂಡಸರು ತಲೆ ತಗ್ಗಿಸಿ ಉಂಡರು. ವೈಟ್ ಬಟ್ಟಲನ್ನು ಬರಿದುಮಾಡಿ ರೊಟ್ಟಿಯಿಂದ ಒರೆಸಿದ.

ಸೋಮವಾರದ ದೋಣಿ ಹೋಯಿತು. ಅದರಲ್ಲಿ ನಮ್ಮ ಮನೆಯವರು ಯಾರೂ ಇರಲಿಲ್ಲ. ಗಂಟು ಈಗಲೂ ಮಂಚದ ಕೆಳಗೇ ಇದೆ, ಅವಳು ಬಿಚ್ಚಿಲ್ಲ. ನಾನು ಕೇಳುವುದಿಲ್ಲ. ಹಿರಿಯರ ಸಭೆಯಲ್ಲಿ ನಾನು ಒಂದು ಮಾತು ಎತ್ತಿದ್ದೇನೆ: ಸತ್ತವರ ಬಟ್ಟೆಯನ್ನು ಮನೆಯವರು ಒಂದು ವರ್ಷ ಇಟ್ಟುಕೊಳ್ಳಲಿ, ಆಮೇಲೆ ತಮ್ಮ ಕೈಯಿಂದಲೇ ಕೊಡಲಿ ಎಂದು. ಬಾಲ್ತಸಾರ್ ಇನ್ನೂ ಒಪ್ಪಿಲ್ಲ. ಅಪೊಲೋನಿಯಾ ಅವನ ಟೋಪಿಯನ್ನು ನೋಡಿ, "ಅವನು ಹೇಗೆ ಒಪ್ತಾನೆ?" ಎನ್ನುತ್ತಾಳೆ.

ಹೂ ಉದುರಿ ಕಾಯಿ ಕಚ್ಚಿವೆ. ಸಂಜೆ ನಾವು ನಾಲ್ವರೂ ಹಳ್ಳದವರೆಗೆ ಹೋಗಿ ಬರುತ್ತೇವೆ. ಆ ನೀರು ಕಾಲುವೆಗೆ, ಕಾಲುವೆಯ ನೀರು ನದಿಗೆ ಸೇರುತ್ತದೆ. ಅಲ್ಲಿ ನಿಂತು ನಾನು ಹೇಳುವುದು ಇಷ್ಟೇ:

ಕರ್ತನೇ, ನಮ್ಮಲ್ಲಿ ಯಾವುದೂ ನಮ್ಮದಲ್ಲವೆಂದು ನಿನ್ನ ಮುಂದೆ ಒಪ್ಪಿಕೊಂಡವರು ನಾವು. ಆದರೂ ಮೆಲ್ಖಿಯೋರ್ ನಮ್ಮವನಾಗಿದ್ದ. ಕೋಟು ಒದ್ದೆಯಾಗಬಾರದೆಂದು ಬಿಚ್ಚಿಕೊಟ್ಟು ಅವನು ತಣ್ಣನೆಯ ನೀರಿಗಿಳಿದ. ಅವನಿಗೆ ಅಲ್ಲಿ ಚಳಿಯಾಗದಿರಲಿ. ನಿನ್ನ ಮೇಜಿನಲ್ಲಿ ಅವನದೇ ಎಂಬ ಒಂದು ಜಾಗ ಕೊಡು. ಹೆಸರಿಲ್ಲದ ಆ ನೀರಿನಲ್ಲಿ ಅವನನ್ನು ಹೆಸರು ಹಿಡಿದು ಕರೆ. ಅವನ ಆತ್ಮ ನಿನ್ನಲ್ಲಿ ಶಾಂತಿಯಿಂದಿರಲಿ. ಆಮೆನ್.